"ನಂತರ ಪ್ರಯತ್ನಿಸಿ" ಅಂದರೆ ಎಷ್ಟು ಹೊತ್ತಿಗೆ?

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅವರ ದಾಸವಾಳ ನಮ್ಮ ಕಡೆ ಬಾಗಿದೆ, ನಮ್ಮ ಕರಿಬೇವು ಅವರ ಕಡೆ. ಬೆಳಿಗ್ಗೆ ಅವರು ಪೂಜೆಗೆ ಹೂ ಬಿಡಿಸೋಕೆ ಬರುತ್ತಾರೆ, ನಾನು ಒಗ್ಗರಣೆಗೆ ಸೊಪ್ಪು ಕಿತ್ತುಕೊಳ್ಳೋಕೆ ಹೋಗುತ್ತೇನೆ. ನಮ್ಮ ಹರಟೆಯೆಲ್ಲ ಆ ಹತ್ತು ನಿಮಿಷದಲ್ಲೇ. ಮೇಷ್ಟ್ರು 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಾನು 22 ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವವಳು.

ಕಳೆದ ನವೆಂಬರಿನಲ್ಲಿ ಒಂದು ದಿನ ಅವರ ಕೈಯಲ್ಲಿ ಹೂವಿನ ಬುಟ್ಟಿ ಇರಲಿಲ್ಲ, ಮೊಬೈಲಿತ್ತು.

"ಬಾಮ್ಮಾ ಇಲ್ಲಿ. ಈ 'ನಂತರ' ಅಂದ್ರೆ ಎಷ್ಟು ಹೊತ್ತಿಗೆ ಅಂತ ಸ್ವಲ್ಪ ಹೇಳು."

ನೋಡಿದೆ. ಪಿಂಚಣಿದಾರರು ವರ್ಷಕ್ಕೊಂದು ಸಲ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲ, ಅದಕ್ಕೆ ಯಾರೋ ಹಾಕಿಕೊಟ್ಟಿದ್ದ ಒಂದು ಆಪ್. ಬಿಳಿ ತೆರೆಯ ನಡುವೆ ಒಂದೇ ಸಾಲು: "ಏನೋ ತಪ್ಪಾಗಿದೆ. ದಯವಿಟ್ಟು ನಂತರ ಪ್ರಯತ್ನಿಸಿ." ಮೇಷ್ಟ್ರು ಆ ಮಾತನ್ನು ಹಾಗೇ ನಂಬಿ ಮೂರು ದಿನ ಪ್ರಯತ್ನಿಸಿದ್ದರು. ಊಟ ಆದಮೇಲೆ ಒಂದು ಸಲ, ರಾತ್ರಿ ಮಲಗೋ ಮುಂಚೆ ಒಂದು ಸಲ, ಜನ ಕಡಿಮೆ ಇರ್ತಾರೆ ಅಂತ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಸಲ. ಸಹಾಯವಾಣಿಗೆ ಫೋನ್ ಮಾಡಿದರೆ ಆಪ್ ತೆಗೆದು ಮತ್ತೆ ಹಾಕಿ ಅಂದರಂತೆ. ಮೊಮ್ಮಗನ ಕೈಲಿ ಅದನ್ನೂ ಮಾಡಿಸಿದ್ದರು. ತಿಂಗಳು ಮುಗಿಯೋಕೆ ನಾಲ್ಕೇ ದಿನ ಉಳಿದಿತ್ತು. ಪಿಂಚಣಿ ನಿಂತುಹೋದರೆ ಅನ್ನೋ ಭಯ ಮುಖದಲ್ಲೇ ಕಾಣುತ್ತಿತ್ತು.

ನೆಟ್‌ವರ್ಕ್ ಸರಿಯಿದೆಯಾ ನೋಡೋಣ ಅಂತ ಅದೇ ಫೋನಿನಲ್ಲಿ ಕ್ರೋಮ್ ತೆರೆದೆ. ಅದು ಒಂದೇ ಏಟಿಗೆ ಹೇಳಿಬಿಟ್ಟಿತು: ನಿಮ್ಮ ಗಡಿಯಾರ ಹಿಂದಿದೆ. ಕೆಳಗೆ, ಫೋನು ಅಂದುಕೊಂಡಿರುವ ತಾರೀಖು: 2019ರ ಜನವರಿ 1. ಪಕ್ಕದಲ್ಲೇ, ತಾರೀಖು ಸರಿಮಾಡಿಕೊಳ್ಳಲು ಒಂದು ಗುಂಡಿ.

ಹಿಂದಿನ ವಾರ ಬ್ಯಾಟರಿ ಊದಿಕೊಂಡಿತು ಅಂತ ಅಂಗಡಿಯಲ್ಲಿ ಬದಲಾಯಿಸಿಕೊಂಡು ಬಂದಿದ್ದರು. ಆಗ ತಾರೀಖು ಹಿಂದಕ್ಕೆ ಹೋಗಿದೆ, ತಾನಾಗಿ ಸರಿಹೋಗುವ ಸೆಟ್ಟಿಂಗು ಆಫ್ ಆಗಿದೆ. ಮೇಷ್ಟ್ರು ತಾರೀಖಿಗೆ ಗೋಡೆಯ ಕ್ಯಾಲೆಂಡರ್ ನೋಡುವವರು, ಹೊತ್ತಿಗೆ ಕೈಗಡಿಯಾರ. ವಾಟ್ಸಾಪ್ ಇದ್ದಿದ್ದರೆ ಅದಾದರೂ ನಿಮ್ಮ ಫೋನಿನ ತಾರೀಖು ತಪ್ಪಿದೆ ಅಂತ ಹೇಳುತ್ತಿತ್ತು, ಅವರು ಅದನ್ನು ಇಟ್ಟುಕೊಂಡಿಲ್ಲ. ತಾರೀಖು ಸರಿ ಮಾಡಿದೆ. ಆಪ್ ತೆರೆಯಿತು. ಮುಖ ತೋರಿಸಿದರು, ಐದು ನಿಮಿಷದಲ್ಲಿ ಸರ್ಟಿಫಿಕೇಟ್ ಸಲ್ಲಿಕೆಯಾಯಿತು.

"ತಾರೀಖಿಗೂ ಇದಕ್ಕೂ ಏನಮ್ಮಾ ಸಂಬಂಧ?" ಅಂದರು.

ಆಪು ದೂರದ ಸರ್ವರ್ ಜೊತೆ ಮಾತಾಡುವ ಮೊದಲು ಅದರ ಗುರುತಿನ ಪತ್ರ ಕೇಳುತ್ತದೆ. ಆ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ಫೋನು ಇನ್ನೂ 2019ರಲ್ಲಿದೆ, ಪತ್ರ ಈ ವರ್ಷದ್ದು. ಮುಂದಿನ ತಿಂಗಳ ಬಸ್ ಪಾಸನ್ನು ಇವತ್ತೇ ತೋರಿಸಿದ ಹಾಗೆ. ಇದು ಚಲಾವಣೆಗೇ ಬಂದಿಲ್ಲ ಅಂತ ಫೋನು ಸಂಪರ್ಕ ಕಡಿದುಹಾಕುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಮಾಡಿದ್ದು ಸರಿಯೇ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಅಂದ್ರೆ ಆ ಆಪಿಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಷ್ಟ್ರೇ."

"ಗೊತ್ತಿದ್ದೂ ಹೇಳಲಿಲ್ವಾ?"

ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎರರ್ ಮೆಸೇಜ್ ಕೆಟ್ಟದಾಗಿದ್ದರೆ ನಾವೆಲ್ಲ ಏನೆಂದುಕೊಳ್ಳುತ್ತೇವೆ? ಕಂಪ್ಯೂಟರಿಗೇ ತಿಳಿಯಲಿಲ್ಲವೇನೋ ಅಂತ. ನಿಜವಾಗಿ, ತಪ್ಪು ಆದ ಗಳಿಗೆಯಲ್ಲಿ, ತಪ್ಪು ಆದ ಜಾಗದಲ್ಲಿ ನಿಂತ ಆ ಒಂದು ಸಾಲು ಕೋಡಿಗೆ ಹೆಚ್ಚುಕಡಿಮೆ ಎಲ್ಲವೂ ಗೊತ್ತಿರುತ್ತದೆ. ಏನು ಮಾಡಲು ಹೋಗಿದ್ದೆ, ಯಾವ ವಸ್ತುವಿನ ಮೇಲೆ, ಏನಿರಬೇಕಿತ್ತು, ಏನು ಸಿಕ್ಕಿತು. ಕ್ರೋಮಿನವರಿಗೆ ಮತ್ತು ಆ ಆಪಿನವರಿಗೆ ಸಿಕ್ಕ ಮಾಹಿತಿ ಒಂದೇ. ಒಬ್ಬರು ಅದನ್ನು ಬಳಕೆದಾರರ ತನಕ ತಲುಪಿಸಿದರು, ಇನ್ನೊಬ್ಬರು ದಾರಿಯಲ್ಲಿ ಕಳೆದುಕೊಂಡರು. ಗೂಗಲ್ಲಿನ ಸಂಶೋಧಕರು ಇಂಥ ಎಚ್ಚರಿಕೆಗಳು ಯಾಕೆ ಬರುತ್ತವೆ ಅಂತ ಕೂತು ವಿಂಗಡಿಸಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಳಸುವವರ ಗಡಿಯಾರ ತಪ್ಪಿರೋದು ಅವರು ಕಂಡ ದೊಡ್ಡ ಕಾರಣಗಳಲ್ಲಿ ಒಂದು. ಇದು ಮೇಷ್ಟ್ರೊಬ್ಬರ ಕಥೆಯಲ್ಲ.

ಮಾಹಿತಿ ಹೇಗೆ ಕಳೆದುಹೋಗುತ್ತೆ ಅಂತ ನಾನು ವಿವರಿಸಲು ಹೊರಟೆ. ಸಾಫ್ಟ್‌ವೇರ್ ಅಂದರೆ ಮಾಳಿಗೆ ಮೇಲೆ ಮಾಳಿಗೆ, ಕೆಳಗಿನವರು ಮೇಲಿನವರಿಗೆ ಸುದ್ದಿ ಮುಟ್ಟಿಸ್ತಾರೆ ಅಂತ. ಮೇಷ್ಟ್ರು ಅರ್ಧಕ್ಕೇ ತಡೆದರು.

"ತಿಳೀತು ಬಿಡು. ನಮ್ಮ ಸ್ಕೂಲಲ್ಲಿ ಒಂದ್ಸಲ ಹುಡುಗನೊಬ್ಬ ಬೋರ್‌ವೆಲ್ ಪಂಪಿನ ಹತ್ರ ಜಾರಿ ಮಂಡಿ ತರಚಿಕೊಂಡ. ನೋಡಿದೋನು ಅಟೆಂಡರ್. ಅವನು ಗುಮಾಸ್ತರಿಗೆ, ಹುಡುಗ ಪಂಪಿನ ಹತ್ರ ಬಿದ್ದ ಅಂದ. ಗುಮಾಸ್ತರು ಹೆಡ್‌ಮಾಸ್ಟರಿಗೆ, ಹುಡುಗ ಬಿದ್ದಿದಾನೆ ಅಂದ್ರು. ಅವರು ಮನೆಗೆ ಫೋನ್ ಮಾಡಿ, ನಿಮ್ಮ ಹುಡುಗನಿಗೆ ಏನೋ ಆಗಿದೆ, ತಕ್ಷಣ ಬನ್ನಿ ಅಂದ್ಬಿಟ್ರು. ಆ ತಾಯಿ ಗದ್ದೇಲಿ ನಾಟಿ ಬಿಟ್ಟು, ಬರಿಗಾಲಲ್ಲಿ ಎರಡು ಮೈಲಿ ಓಡಿಬಂದ್ಲು. ಬಂದು ನೋಡಿದ್ರೆ ಹುಡುಗ ಕಟ್ಟೆ ಮೇಲೆ ಕೂತು ಮಂಡಕ್ಕಿ ತಿಂತಿದಾನೆ."

ಸಾಫ್ಟ್‌ವೇರಿನಲ್ಲಿ ಆಗೋದು ಥೇಟ್ ಇದೇ. ಕೆಳಗಿನ ಪದರ "ಪತ್ರದ ಅವಧಿ ಇನ್ನೂ ಶುರುವಾಗಿಲ್ಲ, ಫೋನಿನ ತಾರೀಖು ಇಂಥದ್ದು" ಅನ್ನುತ್ತದೆ. ಅದರ ಮೇಲಿನದು "ಸುರಕ್ಷಿತ ಸಂಪರ್ಕ ಆಗಲಿಲ್ಲ" ಅನ್ನುತ್ತದೆ. ಅದರ ಮೇಲಿನದು "ಸರ್ವರ್ ಸಿಗಲಿಲ್ಲ." ಎಲ್ಲಕ್ಕಿಂತ ಮೇಲೆ, ಪರದೆಯ ಕೋಡ್ ಬರೆಯುವ ಹುಡುಗನೋ ಹುಡುಗಿಯೋ, ಕೆಳಗಿಂದ ಏನೇ ಬರಲಿ ಹಿಡಿಯುವಂಥ ಒಂದು ಬಲೆ ಹಾಸಿ, ಬಿದ್ದದ್ದಕ್ಕೆಲ್ಲ ಒಂದೇ ವಾಕ್ಯ ಬರೆದಿಡುತ್ತಾರೆ. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಶುಕ್ರವಾರ ಸಂಜೆಗೆ ಕೆಲಸ ಮುಗಿಸಬೇಕು, ಎಲ್ಲ ಸರಿಯಾಗಿ ನಡೆದಾಗ ಪರದೆ ಹೇಗೆ ಕಾಣಬೇಕು ಅಂತ ಹತ್ತು ಸಲ ತಿದ್ದಿಸಿದ್ದಾರೆ, ಕೆಟ್ಟಾಗ ಏನು ಹೇಳಬೇಕು ಅಂತ ಯಾರೂ ಕೇಳಿಲ್ಲ. ಆ ಸಾಲು ಬರೆಯುವ ಕ್ಷಣದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತ ಮೇಷ್ಟ್ರು ಅವರ ಕಣ್ಣಮುಂದೆ ಇರೋದಿಲ್ಲ.

ನನ್ನ ಕಣ್ಣಮುಂದೆಯೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದಿನ ಮಾತು. ನಾನು ಆಗ ಬರೆದ ಒಂದು ಪ್ರೋಗ್ರಾಂ ತಿಂಗಳ ಕೊನೆಯ ರಾತ್ರಿ ಓಡಿ ಸಾಲಗಾರರ ಬಡ್ಡಿ ಲೆಕ್ಕ ಹಾಕುತ್ತಿತ್ತು. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಪ್ರೋಗ್ರಾಂ ನಿಂತಿದೆ ಅಂತ. ತೆರೆಯ ಮೇಲೆ "ಫೈಲ್ ಸಿಗಲಿಲ್ಲ" ಅಂತ ಎರಡೇ ಪದ. ಯಾವ ಫೈಲು? ಅದು ಓದುತ್ತಿದ್ದದ್ದು ನೂರಕ್ಕೂ ಹೆಚ್ಚು. ಒಂದೊಂದನ್ನೇ ನೋಡುತ್ತಾ ಹೋದೆವು. ಎಲ್ಲವೂ ಇದ್ದಲ್ಲೇ ಇವೆ. ಬೆಳಗಿನ ಮೂರೂವರೆಗೆ ಸಿಕ್ಕಿತು. ಫೈಲುಗಳ ಹೆಸರು ಬರೆದಿಡುವ ಪಟ್ಟಿಯಲ್ಲಿ ಯಾರೋ ಒಂದು ಸಾಲು ತಿದ್ದುವಾಗ ಹೆಸರಿನ ಕೊನೆಗೆ ಒಂದು ಸ್ಪೇಸ್ ಸೇರಿಸಿದ್ದರು. ಕಣ್ಣಿಗೆ ಕಾಣದ ಆ ಖಾಲಿ ಜಾಗವನ್ನೂ ಸೇರಿಸಿ ಪ್ರೋಗ್ರಾಂ ಹುಡುಕುತ್ತಿತ್ತು. ಅಂಥ ಹೆಸರಿನ ಫೈಲು ಎಲ್ಲೂ ಇರಲಿಲ್ಲ.

ಅವತ್ತಿನಿಂದ ಎರಡು ಅಭ್ಯಾಸ ಇಟ್ಟುಕೊಂಡೆ. ಮೆಸೇಜಿನಲ್ಲಿ ವಸ್ತುವಿನ ಹೆಸರು ಹಾಕೋದು ಒಂದು, ಆ ಹೆಸರಿನ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕೋದು ಇನ್ನೊಂದು. 'ದರಪಟ್ಟಿ ' ಅಂತ ಬಂದಿದ್ದರೆ ಆ ಖಾಲಿ ಜಾಗ ಹನ್ನೊಂದೂ ಕಾಲಿಗೇ ಕಣ್ಣಿಗೆ ಬೀಳುತ್ತಿತ್ತು.

ಯುನಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಫೈಲು ತೆರೆಯಲು ಹೋಗಿ ಆಗದಿದ್ದರೆ ಅದರ ತಿರುಳಾದ ಕರ್ನಲ್ ಕೊಡೋದು ಬರೀ ಒಂದು ಅಂಕಿ. 2 ಅಂದರೆ ಅಂಥದ್ದು ಇಲ್ಲ, 13 ಅಂದರೆ ನಿನಗೆ ಅನುಮತಿ ಇಲ್ಲ. ಅಂಕಿಯ ಜೊತೆ ಹೆಸರು ಕಳಿಸಲು ಅಲ್ಲಿ ಜಾಗವೇ ಇಲ್ಲ. ಹೆಸರು ಗೊತ್ತಿರೋದು ಕೇಳಿದವನಿಗೆ, ಆದ್ದರಿಂದ ಅದನ್ನು ಸೇರಿಸಬೇಕಾದವನೂ ಅವನೇ. ಅದಕ್ಕೇ ಅಲ್ಲಿನ ಹಳೆಯ ಆದೇಶಗಳೆಲ್ಲ ತಪ್ಪಾದಾಗ ಮೊದಲು ತಮ್ಮ ಹೆಸರು, ಆಮೇಲೆ ಫೈಲಿನ ಹೆಸರು, ಆಮೇಲೆ ಕಾರಣ, ಈ ಮೂರನ್ನೂ ಒಂದೇ ಸಾಲಿನಲ್ಲಿ ಹೇಳುತ್ತವೆ. ಯಾರು, ಯಾವುದನ್ನು, ಯಾಕೆ. ನನ್ನ ಮಟ್ಟಿಗೆ ಅರ್ಧ ಶತಮಾನದಿಂದ ಅದಕ್ಕಿಂತ ಒಳ್ಳೆಯ ಮಾದರಿ ಬಂದಿಲ್ಲ.

ಇನ್ನೊಂದು ದಿನ ಕಾಂಪೌಂಡಿನ ಹತ್ತಿರ ಬಂದದ್ದು ಮೇಷ್ಟ್ರ ಮನೆಯವರು. ನಾನು ಅವರನ್ನು ಅಮ್ಮಾ ಅಂತಲೇ ಕರೆಯೋದು. ಸೀರೆ ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೆ "ವ್ಯವಹಾರ ವಿಫಲವಾಗಿದೆ" ಅಂತ ಬಂತಂತೆ. ಹಿಂದೆ ನಾಲ್ಕು ಜನ ನಿಂತಿದ್ದಾರೆ. "ಖಾತೇಲಿ ದುಡ್ಡಿಲ್ಲ ಅಂದ್ಕೊಂಡ್ರೇನೋ ಅಂತ ನಾಚಿಕೆ ಆಗೋಯ್ತು ಕಣೇ. ಸೀರೆ ಅಲ್ಲೇ ಬಿಟ್ಟು ಬಂದೆ." ಕಾರ್ಡ್ ತರಿಸಿ ನೋಡಿದೆ. ಅವಧಿ ಹಿಂದಿನ ತಿಂಗಳೇ ಮುಗಿದಿತ್ತು. ಹೊಸ ಕಾರ್ಡು ಅಂಚೆಯಲ್ಲಿ ಬಂದು ದೇವರ ಮನೆಯ ಗೂಡಿನಲ್ಲಿ, ಲಕೋಟೆಯಲ್ಲೇ ಕೂತಿತ್ತು.

ಇಲ್ಲೂ ಅದೇ ಕಥೆ ನೋಡಿ. ಕಾರ್ಡ್ ಯಂತ್ರ ಮತ್ತು ಬ್ಯಾಂಕಿನ ನಡುವೆ ಓಡಾಡುವ ಸಂದೇಶಕ್ಕೆ ಐಎಸ್‌ಒ 8583 ಅಂತ ಅಂತಾರಾಷ್ಟ್ರೀಯ ಮಾನಕ ಇದೆ, 1980ರ ದಶಕದಿಂದ. ಬ್ಯಾಂಕು ಕೊಡುವ ಉತ್ತರದಲ್ಲಿ 39ನೆಯ ಅಂಕಣ ಇರೋದೇ ಕಾರಣ ಹೇಳಲು. 51 ಅಂದರೆ ಖಾತೆಯಲ್ಲಿ ಹಣ ಸಾಲದು. 55 ಅಂದರೆ ಪಿನ್ ತಪ್ಪು. 91 ಅಂದರೆ ಕಾರ್ಡು ಕೊಟ್ಟ ಬ್ಯಾಂಕೇ ಸಿಗುತ್ತಿಲ್ಲ. 54 ಅಂದರೆ ಕಾರ್ಡಿನ ಅವಧಿ ಮುಗಿದಿದೆ. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ ಬೇರೆ. 55 ಬಂದರೆ ಪಿನ್ ಇನ್ನೊಮ್ಮೆ ಒತ್ತಬೇಕು, 91 ಬಂದರೆ ಸ್ವಲ್ಪ ಹೊತ್ತು ಕಾಯಬೇಕು ಅಥವಾ ನಗದು ಕೊಡಬೇಕು. 54ಕ್ಕೆ ಕಾದು ಪ್ರಯೋಜನವಿಲ್ಲ, ಮನೆಗೆ ಹೋಗಿ ಲಕೋಟೆ ಒಡೆಯಬೇಕು. ಇಷ್ಟನ್ನೂ ಒಟ್ಟಿಗೆ ಹಾಕಿ ಕುಟ್ಟಿ "ವಿಫಲವಾಗಿದೆ" ಅಂತ ಒಂದೇ ಮುದ್ದೆ ಕಟ್ಟಿ ಕೊಟ್ಟರೆ, ಎಲ್ಲರೂ ಮಾಡೋದು ಒಂದೇ ಕೆಲಸ. ಮತ್ತೆ ಮತ್ತೆ ಉಜ್ಜೋದು.

ಈ 54 ಅಂದ ಕೂಡಲೇ ನನಗೆ ಇನ್ನೊಂದು 54 ನೆನಪಾಗುತ್ತದೆ. ಅವತ್ತು ಅಮ್ಮನ ಹತ್ತಿರ ಹೇಳಲಿಲ್ಲ, ಮಾರನೆಯ ದಿನ ಮೇಷ್ಟ್ರಿಗೆ ಹೇಳಿದೆ.

ಕೆನಡಾದ ಎಇಸಿಎಲ್ ಅನ್ನುವ ಸಂಸ್ಥೆ ಥೆರಾಕ್-25 ಅಂತ ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ ಮಾಡಿತ್ತು. 1985ರಿಂದ 1987ರ ನಡುವೆ ಅದರಲ್ಲಿ ಆರು ಅಪಘಾತಗಳಾದವು. ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನ ಆಸ್ಪತ್ರೆಯಲ್ಲಿ 1986ರ ಮಾರ್ಚಿನಲ್ಲಿ ಯಂತ್ರ ನಡೆಸುತ್ತಿದ್ದವರ ತೆರೆಯ ಮೇಲೆ "ಮಾಲ್‌ಫಂಕ್ಷನ್ 54" ಅಂತ ಬಂತು. ಏನೋ ಕೆಟ್ಟಿದೆ, ನಂಬರು 54, ಅಷ್ಟೇ. ಕೈಪಿಡಿಯಲ್ಲಿ ಅದಕ್ಕೆ ವಿವರಣೆ ಇಲ್ಲ. ಯಂತ್ರದ ಜೊತೆ ಇದ್ದ ಒಂದು ಹಾಳೆಯಲ್ಲಿ "ಡೋಸ್ ಇನ್‌ಪುಟ್ 2" ಅಂತ ಮಾತ್ರ ಇತ್ತು. ವಿಕಿರಣ ತೀರ ಹೆಚ್ಚಾಗಿದೆ ಇಲ್ಲವೇ ತೀರ ಕಡಿಮೆಯಾಗಿದೆ ಅಂತ ಅದರ ಅರ್ಥ ಅನ್ನೋದು ಆಮೇಲೆ ಹೊರಬಂತು. ಹೆಚ್ಚೋ ಕಡಿಮೆಯೋ ಅನ್ನೋದೇ ಸಾವು ಬದುಕಿನ ವ್ಯತ್ಯಾಸ! ತೆರೆಯ ಮೇಲಿನ ಲೆಕ್ಕ ಕಡಿಮೆ ಹೋಗಿದೆ ಅಂತ ತೋರಿಸುತ್ತಿತ್ತು. ಆ ಯಂತ್ರ ದಿನವೂ ಹೀಗೆ ಸಣ್ಣಪುಟ್ಟದ್ದಕ್ಕೆಲ್ಲ ನಿಲ್ಲುತ್ತಿತ್ತು, 'ಪಿ' ಕೀಲಿ ಒತ್ತಿದರೆ ಮುಂದುವರಿಯುತ್ತಿತ್ತು. ನಡೆಸುವವರು ಅಭ್ಯಾಸದಂತೆ 'ಪಿ' ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಎರಡನೆಯ ಸಲವೂ ಮಿತಿ ಮೀರಿದ ವಿಕಿರಣ ಬಡಿಯಿತು. ಮೂರೇ ವಾರದಲ್ಲಿ, ಏಪ್ರಿಲಿನಲ್ಲಿ, ಅದೇ ಆಸ್ಪತ್ರೆಯಲ್ಲಿ ಅದೇ 54 ಮತ್ತೊಬ್ಬರ ಮೇಲೆ. ಇಬ್ಬರೂ ಉಳಿಯಲಿಲ್ಲ.

ಅಪಘಾತಕ್ಕೆ ಮೂಲ ಬೇರೆಯೇ ಇತ್ತು. ಸಾಫ್ಟ್‌ವೇರಿನ ಒಳಗಿನ ದೋಷ, ಹಿಂದಿನ ಯಂತ್ರಗಳಲ್ಲಿದ್ದ ರಕ್ಷಣೆಗಳನ್ನು ತೆಗೆದುಹಾಕಿದ್ದು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಆದರೆ ಆ ಕೊಠಡಿಯಲ್ಲಿ, ಆ ಗಳಿಗೆಯಲ್ಲಿ, ಯಂತ್ರಕ್ಕೂ ಮನುಷ್ಯರಿಗೂ ನಡುವೆ ಇದ್ದದ್ದು ಆ ಒಂದು ಸಾಲು ಮಾತ್ರ. "ವಿಕಿರಣದ ಅಳತೆ ತಾಳೆಯಾಗುತ್ತಿಲ್ಲ, ರೋಗಿಯನ್ನು ನೋಡುವ ತನಕ ಮುಂದುವರಿಸಬೇಡಿ" ಅಂತ ಬಂದಿದ್ದರೆ ಆ ಬೆರಳು 'ಪಿ' ಮೇಲೆ ಹೋಗುತ್ತಿತ್ತೆ?

ಮೇಷ್ಟ್ರು ಕೈಯಲ್ಲಿದ್ದ ದಾಸವಾಳವನ್ನು ಕಾಂಪೌಂಡಿನ ಮೇಲಿಟ್ಟರು. ಬಹಳ ಹೊತ್ತು ಏನೂ ಹೇಳಲಿಲ್ಲ.

ಸಂಖ್ಯೆ ಕೊಟ್ಟರೆ ಕೆಟ್ಟದ್ದು, ಮಾತಿನಲ್ಲಿ ಹೇಳಿದರೆ ಒಳ್ಳೆಯದು ಅಂತ ಇದರಿಂದ ಯಾರೂ ತೀರ್ಮಾನ ಮಾಡಬಾರದು. ಸಂಖ್ಯೆ ಬೇಕು. 1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ಕಂಪ್ಯೂಟರು 1202 ಅನ್ನುವ ಎಚ್ಚರಿಕೆ ಕೊಟ್ಟಿತು. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಬ್ಬರಿಗೂ ಅದೇನು ಅಂತ ಗೊತ್ತಿಲ್ಲ. ಹೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಸ್ಟೀವ್ ಬೇಲ್ಸ್ ಉತ್ತರ ಹೇಳಬೇಕು. ಅವರಿಗೆ ಬೆನ್ನಾಗಿ ಹಿಂದಿನ ಕೋಣೆಯಲ್ಲಿದ್ದವರು 24 ವರ್ಷದ ಜ್ಯಾಕ್ ಗಾರ್ಮನ್. ಕೆಲವು ದಿನ ಮುಂಚೆ ಅಭ್ಯಾಸದ ಹಾರಾಟದಲ್ಲಿ ಇಂಥದೇ ಎಚ್ಚರಿಕೆ ಬಂದಾಗ, ಅಗತ್ಯವಿಲ್ಲದಿದ್ದರೂ ಇಳಿಯುವುದನ್ನು ಕೈಬಿಟ್ಟುಬಿಟ್ಟಿದ್ದರು. ಆಮೇಲೆ ಅಲ್ಲಿನ ಹಾರಾಟ ನಿರ್ದೇಶಕ ಜೀನ್ ಕ್ರ್ಯಾಂಜ್ ಪ್ರತಿ ಎಚ್ಚರಿಕೆಗೂ ಏನು ಮಾಡಬೇಕು ಅಂತ ಬರೆದಿಡಿಸಿದರು. ಗಾರ್ಮನ್ ಕೈಬರಹದ ಪಟ್ಟಿ ಮಾಡಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. 1202 ಅಂದರೆ ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಇಳಿಸುವ ಕೆಲಸ ಮಾಡುತ್ತಲೇ ಇದೆ. ಪದೇ ಪದೇ ಬರದಿದ್ದರೆ ಮುಂದುವರಿಯಬಹುದು. ಕೆಲವೇ ಸೆಕೆಂಡಿನಲ್ಲಿ ಹೋಗಿ ಅಂದರು, ಇಳಿದರು.

54ನ್ನೂ 1202ನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬರೀ ಅಂಕಿಗಳೇ. ಒಂದಕ್ಕೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿ ಬರೆದಿಟ್ಟವರಿದ್ದರು, ಇನ್ನೊಂದಕ್ಕೆ ಇರಲಿಲ್ಲ. ಅಂಕಿಯ ಗುಣ ಏನೆಂದರೆ ಅದು ಭಾಷೆ ಬದಲಾದರೂ ಬದಲಾಗೋದಿಲ್ಲ, ಫೋನಿನಲ್ಲಿ ಓದಿ ಹೇಳಲು ಸುಲಭ, ಹುಡುಕಲು ಸುಲಭ. ಒರೇಕಲ್ ಡೇಟಾಬೇಸಿನವರು ತಮ್ಮ ಒಂದೊಂದು ಅಂಕಿಗೂ ಕಾರಣ, ಕ್ರಮ ಅಂತ ಎರಡು ಶೀರ್ಷಿಕೆಯಲ್ಲಿ ಅಚ್ಚು ಹಾಕುತ್ತಾ ಬಂದಿದ್ದಾರೆ. 00942 ಅಂದರೆ ನೀನು ಕೇಳಿದ ಕೋಷ್ಟಕ ಇಲ್ಲ ಅಂತ ಆ ಕೆಲಸದವರಿಗೆಲ್ಲ ಬಾಯಿಪಾಠ. ಮಾತು ಮುಂದಿರುವವರಿಗೆ, ಅಂಕಿ ದುರಸ್ತಿ ಮಾಡುವವರಿಗೆ. ಎರಡೂ ಇರಲಿ.

ಆದರೆ ಯಾರಿಗೆ ಹೇಳುವ ಮಾತು ಯಾರ ಕಿವಿಗೆ ಬೀಳುತ್ತಿದೆ ಅಂತ ನೋಡಿಕೊಳ್ಳಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಹಾರಾಟದಲ್ಲೇ ಒಂದು ನಿಮಿಷವೂ ತುಂಬುವ ಮೊದಲು ಸಿಡಿದುಹೋಯಿತು. ದಿಕ್ಕು ಅಳೆಯುವ ಉಪಕರಣದ ಸಾಫ್ಟ್‌ವೇರು, ಹಿಡಿಸಲಾರದಷ್ಟು ದೊಡ್ಡ ಸಂಖ್ಯೆಯನ್ನು 16 ಬಿಟ್‌ಗೆ ತುರುಕಲು ಹೋಗಿ ಕೆಟ್ಟಿತು. ಕೆಟ್ಟಾಗ, ಆಮೇಲೆ ಪರಿಶೀಲಿಸುವವರಿಗೆ ಅಂತ ತನ್ನ ದೋಷದ ವಿವರವನ್ನು ತಂತಿಗೆ ಬಿಟ್ಟಿತು. ಮುಖ್ಯ ಕಂಪ್ಯೂಟರು ಅದನ್ನೇ ಹಾರಾಟದ ಅಳತೆ ಅಂದುಕೊಂಡು ರಾಕೆಟ್ಟನ್ನು ಓರೆಗೆ ತಿರುಗಿಸಿತು. ಮೆಕ್ಯಾನಿಕ್ಕಿಗೆ ಬರೆದ ಚೀಟಿ ಡ್ರೈವರ್ ಕೈಗೆ ಹೋದಂತಾಯಿತು.

ನಮ್ಮ ಬೀದಿಗೆ ಬರೋಣ. ಮೇಷ್ಟ್ರ ಮನೆಗೆ ಪಾತ್ರೆ ತೊಳೆಯಲು ಬರುವ ಅಜ್ಜಿ ತಿಂಗಳಿಗೊಂದು ಸಲ ರೇಷನ್‌ಗೆ ಹೋಗುತ್ತಾಳೆ. ಹೆಬ್ಬೆಟ್ಟು ಕೊಟ್ಟರೆ ಕೆಲವು ಸಲ ಆಗುತ್ತದೆ, ಕೆಲವು ಸಲ "ಸರ್ವರ್ ಇಲ್ಲ, ನಾಳೆ ಬಾ." ಈ ಮಾತನ್ನು ಕರ್ನಾಟಕದಲ್ಲಿ ಕೇಳದವರಿಲ್ಲ. ಸರ್ವರ್ ಇಲ್ಲ ಅನ್ನೋದು ನಮ್ಮ ಕಾಲದ ಎಲ್ಲ ರೋಗಕ್ಕೂ ಒಂದೇ ಹೆಸರಾಗಿದೆ. ಆಧಾರ್ ದೃಢೀಕರಣ ವ್ಯವಸ್ಥೆ ಮಾತ್ರ ಒಳಗೆ ಕಾರಣಗಳನ್ನು ಬೇರೆ ಬೇರೆ ಅಂಕಿಯಲ್ಲಿ ಹೇಳುತ್ತದೆ. 300 ಅಂದರೆ ಬೆರಳಚ್ಚು ಹೊಂದಲಿಲ್ಲ. 330 ಅಂದರೆ ಕಾರ್ಡಿನವರೇ ಬಯೊಮೆಟ್ರಿಕ್ ಲಾಕ್ ಮಾಡಿಕೊಂಡಿದ್ದಾರೆ. ಬೆರಳು ಹೊಂದಲಿಲ್ಲ ಅಂತ ತಿಳಿದರೆ ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಇನ್ನೊಂದು ಬೆರಳು ಇಡಬಹುದು, ಒಟಿಪಿ ಆಗುತ್ತಾ ಅಂತ ಕೇಳಬಹುದು. ಸೋಪಿನ ನೀರಲ್ಲಿ ಸವೆದ ಬೆರಳು ನಾಳೆಗೂ ಅದೇ ಬೆರಳು. ಸರ್ವರ್ ಇಲ್ಲ ಅಂದರೆ ವಾಪಸ್ ಹೋಗೋದೊಂದೇ ದಾರಿ, ಒಂದು ಹೊತ್ತಿನ ಕೂಲಿ ಹೋಯಿತು. ಒಂದು ಸಾಲು ಸರಿಯಾಗಿ ಬರೆದರೆ ಉಳಿಯೋದು ಇದು. ಸಾಫ್ಟ್‌ವೇರ್ ಕಂಪನಿಗಳ ಸಭೆಗಳಲ್ಲಿ ಎರರ್ ಮೆಸೇಜ್ ಅಂದರೆ ಬಣ್ಣ ಬಳಿಯುವ ಕೆಲಸ ಅನ್ನುವವರಿಗೆ ನಾನು ಈ ಅಜ್ಜಿಯ ವಿಷಯವನ್ನೇ ಹೇಳುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ ಮೇಷ್ಟ್ರಿಗೆ ನನಗಿಂತ ಹೆಚ್ಚು ಕೋಪ.

"'ಅಮಾನ್ಯ ನಮೂದು' ಅಂತಾನಲ್ಲ, ಇದು ಯಾರ ಕನ್ನಡ? ನಾನೇನು ತಪ್ಪು ಮಾಡ್ದೆ ಅಂತ ಹೇಳ್ಬೇಕೋ ಬೇಡ್ವೋ? ಮೊಬೈಲ್ ನಂಬರಿನಲ್ಲಿ 10 ಅಂಕಿ ಇರಬೇಕು, ನೀವು 9 ಬರೆದಿದ್ದೀರಿ ಅಂದ್ರೆ ಮುಗೀತು. ಕಾಪಿ ತಿದ್ದೋವಾಗ ನಾನು ಬರೀ ಕೆಂಪು ಗೀಟು ಎಳೆದು ಕೊಟ್ಟಿದ್ರೆ ಮಕ್ಕಳು ಏನು ಕಲೀತಿದ್ರು?"

ಅವರ ಮಾತು ಸರಿ. ಆದರೆ ಕನ್ನಡದಲ್ಲಿ ಇನ್ನೂ ಆಳದ ಒಂದು ತೊಂದರೆ ಇದೆ. ಕೃಷ್ಣಮೂರ್ತಿ ಅನ್ನುವ ಹೆಸರು ತಗೊಳ್ಳಿ. ನಮ್ಮ ಲೆಕ್ಕಕ್ಕೆ ಕೃ, ಷ್ಣ, ಮೂ, ರ್ತಿ, ನಾಲ್ಕು ಅಕ್ಷರ. ಯುನಿಕೋಡಿನ ಲೆಕ್ಕಕ್ಕೆ ವ್ಯಂಜನ, ಒತ್ತು, ಗುಣಿತ ಎಲ್ಲ ಬಿಡಿಬಿಡಿ, ಹನ್ನೊಂದು. ಯುಟಿಎಫ್-8ರಲ್ಲಿ ಉಳಿಸಿಡುವಾಗ ಒಂದೊಂದು ಚಿಹ್ನೆಗೂ 3 ಬೈಟ್, ಒಟ್ಟು 33. ಹೆಸರಿಗೆ 30 ಬೈಟ್ ಜಾಗ ಬಿಟ್ಟ ಪ್ರೋಗ್ರಾಂ, "ಹೆಸರು 30 ಅಕ್ಷರ ಮೀರಬಾರದು" ಅಂತ ತಿರಸ್ಕರಿಸುತ್ತದೆ. ನಾಲ್ಕಕ್ಷರ ಬರೆದ ಮನುಷ್ಯ ಏನು ಅರ್ಥ ಮಾಡಿಕೊಳ್ಳಬೇಕು? ಇಲ್ಲಿ ತಿದ್ದಬೇಕಾದ್ದು ಮೆಸೇಜನ್ನಲ್ಲ, ಜಾಗವನ್ನೇ ಹೆಚ್ಚಿಸಬೇಕು. ಮೆಸೇಜ್ ಬರೆಯಲು ಕೂತಾಗ ಅರ್ಧಕ್ಕರ್ಧ ಇಂಥ ಸತ್ಯ ಹೊರಬೀಳುತ್ತದೆ. ಹೇಳಿಕೊಳ್ಳಲು ಆಗದಂಥ ನಿಯಮ ಇದ್ದರೆ ಆ ನಿಯಮವೇ ತಪ್ಪು.

ಇನ್ನು ವಿಭಕ್ತಿ. ಇಂಗ್ಲಿಷಿನ ವಾಕ್ಯದಲ್ಲಿ ಒಂದು ಖಾಲಿ ಜಾಗ ಬಿಟ್ಟು ಅಲ್ಲಿ ಫೈಲಿನ ಹೆಸರು ತುಂಬುತ್ತಾರೆ. ಕನ್ನಡಕ್ಕೆ ತಂದಾಗ ಆ ಹೆಸರಿಗೆ ಪ್ರತ್ಯಯ ಬೇಕು. ದರಪಟ್ಟಿಯನ್ನು, ಲೆಕ್ಕವನ್ನು, ಕಡತದಲ್ಲಿ. ಯಾವ ಹೆಸರು ಬರುತ್ತೋ ಅನುವಾದ ಮಾಡುವವರಿಗೆ ಗೊತ್ತಿರಲ್ಲ, ಅದಕ್ಕೆ "ದರಪಟ್ಟಿ ಅನ್ನು ತೆರೆಯಲು ವಿಫಲವಾಗಿದೆ" ಅಂತ ಮುರುಕು ಕನ್ನಡ ಹುಟ್ಟುತ್ತದೆ. ಇದನ್ನು ಹೇಳಿದಾಗ ಮೇಷ್ಟ್ರು ಕಾಂಪೌಂಡಿನ ಮೇಲೆ ಬೆರಳಾಡಿಸುತ್ತಾ ಯೋಚಿಸಿದರು. ಮಾರನೆಯ ದಿನ ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದು ತಂದರು:

"ಈ ಫೈಲು ತೆರೆಯಲಿಲ್ಲ: 'ದರಪಟ್ಟಿ'. ಕಾರಣ: ಅದನ್ನು ಬೇರೊಬ್ಬರು ತೆರೆದಿದ್ದಾರೆ. ಅವರು ಮುಚ್ಚಿದ ಮೇಲೆ ಮತ್ತೆ ತೆರೆಯಿರಿ."

ಹೆಸರನ್ನು ವಾಕ್ಯದಿಂದ ಹೊರಗಿಟ್ಟುಬಿಟ್ಟರೆ ಪ್ರತ್ಯಯದ ಗೊಡವೆಯೇ ಇಲ್ಲ. ಅನುವಾದಕರ ಜೊತೆ ಹತ್ತು ವರ್ಷ ಒದ್ದಾಡಿದ ನನಗೆ ಇದು ಹೊಳೆದಿರಲಿಲ್ಲ. ಇನ್ನೊಂದು ಗಮನಿಸಿ, 'ನಂತರ' ಅನ್ನುವ ಜಾಗದಲ್ಲಿ 'ಅವರು ಮುಚ್ಚಿದ ಮೇಲೆ' ಅಂತ ಬರೆದಿದ್ದಾರೆ.

"ಎಲ್ಲಾ ಬಿಡಿಸಿ ಹೇಳಿದ್ರೆ ಕಳ್ಳನಿಗೂ ದಾರಿ ತೋರಿಸ್ದಂಗೆ ಆಗಲ್ವೇನಮ್ಮಾ?" ಅಂತಲೂ ಕೇಳಿದರು. ಆಗುತ್ತದೆ. ಲಾಗಿನ್ ಮಾಡುವಾಗ ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಅಂತ ಬೇಕೆಂದೇ ಬಿಡಿಸಿ ಹೇಳೋದಿಲ್ಲ. ಹೆಸರು ಸರಿಯಿದೆ ಅಂತ ತಿಳಿದರೆ ಕಳ್ಳನಿಗೆ ಅರ್ಧ ಕೆಲಸ ಮುಗಿದ ಹಾಗೆ. ಡೇಟಾಬೇಸಿನ ಒಳಗಿನ ವಿವರವನ್ನೂ ತೆರೆಯ ಮೇಲೆ ಹರಡಬಾರದು. ಅಂಥ ಕಡೆ ಪೂರ್ತಿ ವಿವರ ಸರ್ವರಿನ ಲಾಗಿನಲ್ಲಿ ಬರೆದಿಟ್ಟು, ತೆರೆಯ ಮೇಲೆ ಅದಕ್ಕೆ ಕೊಂಡಿಯಾಗಿ ಒಂದು ಸಣ್ಣ ಸಂಖ್ಯೆ ಕೊಟ್ಟರೆ ಸಾಕು. ಸಹಾಯವಾಣಿಯವರಿಗೆ ಆ ಸಂಖ್ಯೆ ಹೇಳಿದರೆ ಅವರು ನೇರ ಆ ಸಾಲಿಗೇ ಹೋಗುತ್ತಾರೆ. ಸುರಕ್ಷತೆ ಅನ್ನೋದು ಸುಮ್ಮನಿರಲು ನೆಪ ಆಗಬಾರದು.

ನಮ್ಮ ಕಸುಬಿನವರು ನಮಗೆ ಬರುವ ಎರರ್‌ಗಳನ್ನು ಈಚೆಗೆ ಚೆನ್ನಾಗಿ ತಿದ್ದಿಕೊಂಡಿದ್ದೇವೆ. 2020ರಲ್ಲಿ ಬಂದ ಜಾವಾ ಭಾಷೆಯ 14ನೆಯ ಆವೃತ್ತಿ, ಪ್ರೋಗ್ರಾಂನಲ್ಲಿ ಖಾಲಿ ಇರುವುದು ಯಾವುದು ಅಂತ ಹೆಸರಿಟ್ಟು ಹೇಳಲು ಶುರುಮಾಡಿತು. ಅದಕ್ಕೆ ಮೊದಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾಲಿನ ನಂಬರು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. 2021ರ ಪೈಥಾನ್ 3.10, ಆವರಣ ಮುಚ್ಚದಿದ್ದರೆ ಮುಚ್ಚದೆ ಬಿಟ್ಟ ಆವರಣವನ್ನೇ ತೋರಿಸುತ್ತದೆ. ಮುಂಚೆ ಮುಂದಿನ ಸಾಲಿಗೆ ಬೆರಳು ಮಾಡಿ ವ್ಯಾಕರಣ ತಪ್ಪು ಅನ್ನುತ್ತಿತ್ತು. ನಾವು ಕಷ್ಟಪಟ್ಟಿದ್ದೆವು, ನಾವೇ ತಿದ್ದಿದೆವು. ಮೇಷ್ಟ್ರು, ಅಮ್ಮ, ಅಜ್ಜಿ ತಾವೇ ತಿದ್ದಿಕೊಳ್ಳಲಾರರು. ಅವರ ಪಾಲಿನದನ್ನು ನಾವೇ ತಿದ್ದಬೇಕು.

ಪ್ರೋಗ್ರಾಂ ಬರೆಯದವರಿಗೆ ನನ್ನದೊಂದು ಮಾತು. ಎರರ್ ಬಂದಾಗ ಗಾಬರಿಯಲ್ಲಿ ಮುಚ್ಚಿಬಿಡಬೇಡಿ. ತೆರೆಯ ಫೋಟೊ ತೆಗೆದಿಟ್ಟುಕೊಳ್ಳಿ, ಅಲ್ಲಿರುವ ಪದಗಳನ್ನೂ ಅಂಕಿಯನ್ನೂ ಇದ್ದ ಹಾಗೇ ಓದಿ ಹೇಳಿ. ಏನೋ ಬರ್ತಿದೆ ಅಂತ ನೀವು ಹೇಳಿದರೆ ಆ ಕಡೆಯವರಿಗೂ ಬೇರೇನೂ ಸಿಗೋದಿಲ್ಲ.

ಪ್ರೋಗ್ರಾಂ ಬರೆಯುವವರಾದರೆ, ನಾಳೆ ಕೆಲಸಕ್ಕೆ ಕೂತಾಗ ನಿಮ್ಮ ಕೋಡಿನಲ್ಲಿ "ಏನೋ ತಪ್ಪಾಗಿದೆ" ಅನ್ನೋ ವಾಕ್ಯ ಎಷ್ಟು ಕಡೆ ಇದೆ ಹುಡುಕಿ ನೋಡಿ. ಒಂದೊಂದರ ಹತ್ತಿರವೂ ನಿಂತು, ಈ ಜಾಗದಲ್ಲಿ ಪ್ರೋಗ್ರಾಮಿಗೆ ಏನೇನು ಗೊತ್ತಿತ್ತು ಅಂತ ಕೇಳಿಕೊಂಡು ಅದನ್ನು ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಸಾಫ್ಟ್‌ವೇರ್ ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ಸರಿ, ಈಗ ನಾನೇನು ಮಾಡ್ಲಿ?" ಅಂದರೆ, ಇನ್ನೊಂದು ಸಾಲು ಬರೆಯಿರಿ.